ಬೀಗರ ಮಾತು

ಆ ದಿನ ನಿಜವಾಗಿ ಏನಾಯಿತೆಂದು ನನಗೆ ಖಚಿತವಾಗಿ ಗೊತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ನನ್ನ ನೆನಪಿನಲ್ಲಿ ಮಾಸ್ತರರು ಹೈಕೋರ್ಟಿನ ಕಲ್ಲಿನ ಮೆಟ್ಟಿಲ ಮೇಲೆ ಕೂತಿದ್ದಾರೆ. ಪಕ್ಕದಲ್ಲಿ ಹಡಗಿನ ಅಡುಗೆಯವನು ವಾಮನ. ಮಾಸ್ತರರು ಅವನನ್ನು ಏನೋ ಕೇಳುತ್ತಿದ್ದಾರೆ. ಚಿತ್ರ ಬಲು ಸ್ಪಷ್ಟ. ಆದರೆ ಅದರಲ್ಲಿ ನಾನು ಅವರಿಬ್ಬರನ್ನೂ ಮೇಲಿನಿಂದ ನೋಡುತ್ತಿದ್ದೇನೆ. ಮೊನ್ನೆ ಹೋಗಿ ನೋಡಿದೆ. ಆ ಮೆಟ್ಟಿಲನ್ನು ಮೇಲಿನಿಂದ ನೋಡುವಂಥ ಜಾಗವೇ ಅಲ್ಲಿಲ್ಲ. ಆ ಹೊತ್ತಿನಲ್ಲಿ ನಾನು ಕೋರ್ಟಿಗೆ ಬಂದಿದ್ದೆನೋ, ಇನ್ನೂ ಆಫೀಸಿನಲ್ಲಿದ್ದೆನೋ ಎಂಬುದೂ ಅನುಮಾನ. ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವನು. ಕಣ್ಣಾರೆ ಕಂಡವನ ಸಾಕ್ಷ್ಯವನ್ನೂ ಪೂರ್ತಿ ನಂಬಬಾರದೆಂದು ವಿಶ್ವವಿದ್ಯಾಲಯ ನನಗೆ ಕಲಿಸಿತು. ಕಾಣದವನ ಸಾಕ್ಷ್ಯವನ್ನು, ಅವನು ನಾನೇ ಆಗಿದ್ದರೂ, ಹೇಗೆ ನಂಬಲಿ?

ಮಾಸ್ತರರು ತೀರಿಕೊಂಡರು. ಅದಂತೂ ಖರೆ. ಪತ್ರಿಕೆಯ ಒಳಪುಟದಲ್ಲಿ ಸಣ್ಣ ಸುದ್ದಿ ಬಂತು. ನಾನು ಕೆಲಸ ಮಾಡುವ ಪತ್ರಿಕೆಯಾದ್ದರಿಂದ ಅದಕ್ಕೆ ತಲೆಬರಹ ಕೊಟ್ಟವನೂ ನಾನೇ. ಇಲ್ಲಿ ಅವರ ಹೆಸರು ಹಾಕುವುದಿಲ್ಲ. ಹಾಕಿದ್ದರೆ ಅವರೇ, “ನನ್ನ ಕೇಳೀಯೇನೋ ತಮ್ಮಾ?” ಎನ್ನುತ್ತಿದ್ದರು. ಪರೇಲಿನಲ್ಲಿ ಅವರಿದ್ದ ಚಾಳಿನವರು ವಕೀಲ ಮಾಸ್ತರ ಎಂದು ಕರೆಯುತ್ತಿದ್ದರು. ನನಗೂ ಅಷ್ಟು ಸಾಕು.

ಮುಂಬಯಿಯ ಕೋಟೆ ಕಡೆಯ ಒಂದು ಕಾನೂನು ಕಾಲೇಜಿನಲ್ಲಿ ಅವರು ಬೆಳಗಿನ ತರಗತಿಗೆ ಪಾಠ ಹೇಳುತ್ತಿದ್ದರು. ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ಬೆಳಗಿನ ತರಗತಿಯೆಂದರೆ ಆಫೀಸಿಗೆ ಹೋಗುವ ಗುಮಾಸ್ತರ ತರಗತಿ; ನಾನೂ ಅವರಲ್ಲೊಬ್ಬ. ದೂರದ ಸಬರ್ಬಿನಿಂದ ಮೊದಲ ಲೋಕಲ್ ಹಿಡಿದು ಬಂದವರು ಊಟದ ಡಬ್ಬಿಯನ್ನು ಕಾಲ ಬಳಿ ಇಟ್ಟುಕೊಂಡು, ಕಣ್ಣು ತೆರೆದೇ ನಿದ್ದೆ ಮಾಡುತ್ತಿದ್ದರು. ಮಾಸ್ತರರು ಕರಿ ಕೋಟು ಹಾಕಿಕೊಂಡು ಬರುತ್ತಿದ್ದರು. ಅದರ ನಡುವಿನ ಗುಂಡಿ ಯಾವ ಕಾಲದಲ್ಲೋ ಹೋಗಿತ್ತು. ಆ ಜಾಗದಲ್ಲಿ ಸೇಫ್ಟಿ ಪಿನ್ನು. ಛತ್ರಿಯನ್ನು ಕುರ್ಚಿಯ ಬೆನ್ನಿಗೆ ತೂಗುಹಾಕಿ, ಮಲಗಿದವರನ್ನು ಎಬ್ಬಿಸದಂತೆ ಮೆಲ್ಲಗಿನ ದನಿಯಲ್ಲಿ ಶುರು ಮಾಡುತ್ತಿದ್ದರು. ಎಬ್ಬಿಸಬಾರದೆಂಬುದು ಅವರ ಪದ್ಧತಿ. ನಿದ್ದೆಯೂ ಒಂದು ಹಕ್ಕು ಎಂದು ಹೇಳಿದ್ದರೆಂದು ನನಗೆ ನೆನಪು. ಇದನ್ನು ನಾನು ಸೇರಿಸಿಕೊಂಡಿರಲೂ ಬಹುದು.

ಪ್ರತಿ ವರ್ಷ ಮೊದಲ ದಿನ ಒಂದೇ ಪ್ರಶ್ನೆ ಕೇಳುತ್ತಿದ್ದರಂತೆ. ನಮ್ಮ ದೇಶ ಇನ್ನೊಂದು ದೇಶದ ಜೊತೆ ಒಪ್ಪಂದ ಮಾಡಿಕೊಳ್ಳುತ್ತದೆ. ಸಂವಿಧಾನ ನಿನಗೆ ಕೊಟ್ಟ ಒಂದು ಹಕ್ಕನ್ನು ಆ ಒಪ್ಪಂದ ಕಿತ್ತುಕೊಳ್ಳುತ್ತದೆ. ಆಗ ಯಾವುದು ಮೇಲು, ದೇಶ ಕೊಟ್ಟ ಮಾತೋ ನಿನ್ನ ಹಕ್ಕೋ? ಕೊಟ್ಟ ಮಾತು ಉಳಿಸಿಕೊಳ್ಳದ ದೇಶವನ್ನು ಯಾರು ನಂಬುತ್ತಾರೆ ಎಂದು ಒಬ್ಬ ಹುಡುಗ ಹೇಳುತ್ತಿದ್ದ. ಹಕ್ಕೇ ಮೇಲು ಎಂದು ಇನ್ನೊಬ್ಬ. ಮಾಸ್ತರರು ಇಬ್ಬರಿಗೂ ತಲೆದೂಗಿ ಮುಂದಿನ ಪಾಠಕ್ಕೆ ಹೋಗುತ್ತಿದ್ದರು.

ಅವರ ಸ್ವಂತ ಅಭಿಪ್ರಾಯ ಹೊರಬೀಳುತ್ತಿದ್ದದ್ದು ತರಗತಿ ಮುಗಿದ ಮೇಲೆ, ಮೂಲೆಯ ಉಡುಪಿ ಹೋಟೆಲಿನಲ್ಲಿ, ನಾವು ಕೆಲವೇ ಕನ್ನಡದ ಹುಡುಗರು ಜೊತೆಗಿದ್ದಾಗ. ಆಗ ಇಂಗ್ಲಿಷ್ ಬಿಟ್ಟು ಅವರ ಧಾರವಾಡದ ಮಾತು ಹೊರಡುತ್ತಿತ್ತು.

“ಎರಡು ಸರಕಾರ ಕೂತು ಒಪ್ಪಂದ ಮಾಡಿಕೊಂಡ್ವು ಅಂದ್ರ ಅದು ಬೀಗರ ಮಾತು. ಬೀಗರು ಬೀಗರು ಎಲಿ ಅಡಿಕಿ ಬದಲು ಮಾಡ್ಯಾರ, ಹಾರ ಹಾಕ್ಯಾರ, ಫೋಟೋ ತಗಸ್ಯಾರ. ಎಲ್ಲಾ ಛಲೋನ ಐತಿ. ಆದರ ಹುಡುಗೀನ್ನ ಕೇಳ್ಯಾರೇನು?”

ಹುಡುಗಿಯೆಂದರೆ ನಾವು, ಪ್ರಜೆಗಳು. ಸಂವಿಧಾನವೆಂದರೆ ಹುಡುಗಿಯನ್ನು ಕೇಳಲೇಬೇಕೆಂದು ಹಿರಿಯರಿಗೆ ಹಾಕಿದ ಕಟ್ಟಳೆ. ಇದು ಅವರ ಸಿದ್ಧಾಂತದ ಸಾರ. ಇದರ ಮೇಲೆ ಅವರೊಂದು ಪುಸ್ತಕ ಬರೆಯಬೇಕೆಂದಿದ್ದರು. ಬರೆಯಲಿಲ್ಲ. ಆ ವರ್ಷಗಳಲ್ಲಿ ಗಡಿಯ ನೆಲ ಬಿಟ್ಟುಕೊಡುವ ಒಪ್ಪಂದಗಳ ಬಗ್ಗೆ ಪತ್ರಿಕೆಗಳಲ್ಲಿ ಬರುತ್ತಿದ್ದಾಗ, ಅದನ್ನೇ ಬರೆಯಿರಿ ಎಂದು ನಾವು ಒತ್ತಾಯಿಸಿದೆವು. “ನೆಲಾ ಮಾತಾಡೂದಿಲ್ಲ. ನನಗ ಒಬ್ಬ ಮನಷ್ಯಾ ಬೇಕು,” ಎಂದರು.

ಕೇಳದೆ ಪಡೆದ ಒಪ್ಪಿಗೆಯ ಮೇಲೆ ಅವರಿಗಿದ್ದ ಸಿಟ್ಟು ವಿಚಿತ್ರವಾದದ್ದು. ರೈಲು ಟಿಕೀಟು, ಸಿನಿಮಾ ಟಿಕೀಟು, ಲಾಂಡ್ರಿ ಚೀಟಿ, ಎಲ್ಲದರ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದುತ್ತಿದ್ದರು. ಪರೇಲಿನ ಲಾಂಡ್ರಿಯವನು ಬಟ್ಟೆ ಹರಿದರೆ ನಾವು ಜವಾಬ್ದಾರರಲ್ಲ ಎಂದು ಚೀಟಿಯ ಹಿಂದೆ ಅಚ್ಚು ಹಾಕಿಸಿದ್ದ. ಮಾಸ್ತರರು ಒಂದು ಧೋತರ ಹಾಕಿ, ಚೀಟಿಯ ಹಿಂಬದಿಯಲ್ಲಿ ‘ನಾನು ಇದಕ್ಕೆ ಒಪ್ಪಿಲ್ಲ’ ಎಂದು ಮರಾಠಿಯಲ್ಲಿ ಬರೆದು, ಕೆಳಗೆ ಅವನ ರುಜು ಕೇಳಿದರು. ಅವನು ಧೋತರವನ್ನೇ ತಿರುಗಿಸಿ ಕೊಟ್ಟ. ಅಲ್ಲಿಂದ ಮುಂದೆ ಅವರ ಬಟ್ಟೆ ಮನೆಯಲ್ಲೇ ಒಗೆಯಬೇಕಾಯಿತು. ಒಗೆಯುವವರು ಅವರ ಹೆಂಡತಿ.

ಆ ತಾಯಿ ನಮಗೆ ಅವಲಕ್ಕಿ ಕೊಡುತ್ತ ಒಮ್ಮೆ ಹೇಳಿದ ಮಾತು ಚೆನ್ನಾಗಿ ನೆನಪಿದೆ. ನನ್ನ ತರಗತಿಯ ಗೆಳೆಯ ಸುಧಾಕರನಿಗೂ ಅದು ಹಾಗೆಯೇ ನೆನಪಿರುವುದರಿಂದ ನಂಬಿ ಬರೆಯುತ್ತೇನೆ.

“ಊರ ಮಂದೀನೆಲ್ಲಾ ಹುಡುಗೀನ್ನ ಕೇಳ್ಯಾರೇನು ಅಂತ ಹಿಡದು ನಿಂದರಸ್ತಾರ. ಧೋತರಾ ಒಗಿಯಾಕಿನ್ನ ಯಾರು ಕೇಳಿದ್ರು, ಅದನ್ನೂ ಕೇಳ್ರಿ ಒಮ್ಮೆ.”

ಮಾಸ್ತರರು ತಟ್ಟೆಯಿಂದ ತಲೆ ಎತ್ತದೆ, “ನಮ್ಮದು ಸಂವಿಧಾನಕ್ಕಿಂತ ಮೊದಲಿನ ಒಪ್ಪಂದ. ಅದಕ್ಕ ಈ ಕಾಯ್ದೆ ಲಾಗೂ ಆಗೂದಿಲ್ಲ,” ಎಂದರು. ಆಕೆ ಸೌಟು ಹಿಡಿದೇ ನಕ್ಕರು. ಇಷ್ಟು ಸುಲಭವಾಗಿ ನಗುವ ದಂಪತಿಗಳನ್ನು ನಾನು ಆಮೇಲೆ ಹೆಚ್ಚು ನೋಡಿಲ್ಲ.

ಎಪ್ಪತ್ತರ ದಶಕ ಶುರುವಾದ ಮೇಲೆ ಅವರು ಬೇಡುತ್ತಿದ್ದ ಮನುಷ್ಯ ಬಂದ.

ವಾಮನ ಮಲ್ಪೆ ಕಡೆಯವನು. ಯುರೋಪಿನ ಒಂದು ದೇಶದ ಸರಕು ಹಡಗಿನಲ್ಲಿ ಅಡುಗೆ ಕೆಲಸ. ಅವನ ಕರಾರಿನ ಅವಧಿ ಮುಗಿದು ತಿಂಗಳುಗಳಾಗಿದ್ದವು. ಬದಲಿ ಆಳು ಸಿಕ್ಕಿಲ್ಲವೆಂದು ಕಪ್ತಾನ ಬಿಟ್ಟಿರಲಿಲ್ಲ. ಹಡಗು ಮುಂಬಯಿಗೆ ಬಂದಾಗ ಇಳಿಯುತ್ತೇನೆಂದು ಕೇಳಿದ. ಆಗದು ಎಂದರು. ಗೋದಿಯ, ಅಂದರೆ ಬಂದರುಕಟ್ಟೆಯ, ಕೂಲಿಗಳು ಇಳಿಯುವಾಗ ಅವನೂ ಹೆಗಲ ಮೇಲೊಂದು ಖಾಲಿ ಗೋಣಿ ಹಾಕಿಕೊಂಡು ಅವರ ಜೊತೆ ಇಳಿದುಬಂದ. ಪರೇಲಿನಲ್ಲಿ ಊರಿನವರೆಲ್ಲ ಸೇರಿ ಇಟ್ಟುಕೊಂಡಿದ್ದ ರೂಮು ಸೇರಿಕೊಂಡ.

ಪೊಲೀಸರು ಅಲ್ಲಿಗೇ ಬಂದು ಹಿಡಿದರು. ಆ ದೇಶಕ್ಕೂ ನಮಗೂ ಬ್ರಿಟಿಷರ ಕಾಲದ ಒಂದು ಒಪ್ಪಂದವಿತ್ತು. ಒಬ್ಬರ ಹಡಗಿನಿಂದ ಓಡಿಹೋದ ಖಲಾಸಿಯನ್ನು ಇನ್ನೊಬ್ಬರು ಹಿಡಿದು ಅದೇ ಹಡಗಿಗೆ ಹತ್ತಿಸಬೇಕು. ಖಲಾಸಿ ಯಾವ ದೇಶದವನೆಂದು ಅದು ಹೇಳುತ್ತಿರಲಿಲ್ಲ. ಹೀಗಾಗಿ ಒಬ್ಬ ಭಾರತೀಯನನ್ನು ಭಾರತದ ನೆಲದ ಮೇಲೆ ಭಾರತದ ಪೊಲೀಸರು ಹಿಡಿದು ಪರದೇಶದ ಹಡಗಿನ ಒಲೆಯ ಮುಂದೆ ನಿಲ್ಲಿಸುವ ಹುಕುಂ ಮ್ಯಾಜಿಸ್ಟ್ರೇಟರಿಂದ ಬಂತು.

ಆ ರೂಮಿನವರಿಗೆ ಸುಧಾಕರನ ಪರಿಚಯವಿತ್ತು. ಅವನೂ ಆ ಕಡೆಯವನೇ, ಮನೆಮಾತು ತುಳು. ಅವನು ಮಾಸ್ತರರ ಬಳಿ ಓಡಿದ. ಮಾಸ್ತರರು ಬಾಡಿಗೆ ತಗಾದೆಗಳ ವಕೀಲರು. ಹೈಕೋರ್ಟಿನಲ್ಲಿ ಎದ್ದು ನಿಂತದ್ದು ಅಪರೂಪ. ಆದರೆ ಈ ಪ್ರಶ್ನೆಗೆ ಅವರಷ್ಟು ತಯಾರಾಗಿದ್ದವರು ಆ ಊರಿನಲ್ಲಿ ಇನ್ನೊಬ್ಬರಿರಲಿಲ್ಲ. ಅರ್ಜಿ ಹಾಕಿದರು. ನ್ಯಾಯಾಧೀಶರು ಹುಕುಮಿಗೆ ತಡೆ ಕೊಟ್ಟು ವಿಚಾರಣೆಗೆ ದಿನ ಇಟ್ಟರು. ಅಲ್ಲಿಯವರೆಗೆ ವಾಮನ ಪೊಲೀಸರ ವಶದಲ್ಲಿ, ಹಡಗು ಗೋದಿಯಲ್ಲಿ.

ಆ ಕೆಲವು ದಿನ ಅವರು ಹತ್ತು ವರ್ಷ ಚಿಕ್ಕವರಾಗಿ ಕಂಡರು. ಹೋಟೆಲಿನಲ್ಲಿ ಚಹಾ ಆರಿಹೋಗುತ್ತಿತ್ತು. ಬಲವಂತದ ದುಡಿಮೆ ಕೂಡದೆಂದು ಸಂವಿಧಾನದಲ್ಲಿದೆ. ಅದಕ್ಕೆ ಸಂವಿಧಾನ ಬರೆದವರು ಇಂಗ್ಲಿಷಿನಲ್ಲಿ ಪದ ಸಾಲದೆ ನಮ್ಮ ‘ಬೇಗಾರ’ವನ್ನೇ ಇಟ್ಟಿದ್ದಾರೆ ಎಂದು ತೋರಿಸಿದರು. ಬೇಗಾರವೆಂದರೆ ಬಿಟ್ಟಿ. ಕೂಲಿಗೆ ಒಪ್ಪಿದವನು ಕೂಲಿ ಬಿಟ್ಟರೆ ಧಣಿ ನಷ್ಟ ಕೇಳಲಿ, ದಾವೆ ಹೂಡಲಿ. ಕೊರಳಪಟ್ಟಿ ಹಿಡಿದು ದುಡಿಸಲು ಬರುವುದಿಲ್ಲ. ಎರಡು ದೇಶಗಳ ಮುದ್ರೆ ಬಿದ್ದಿದ್ದರೂ ಬರುವುದಿಲ್ಲ. ಎದುರು ಪಕ್ಷದವರು ಈ ಒಪ್ಪಂದ ಸಂವಿಧಾನಕ್ಕಿಂತ ಹಳೆಯದು, ಈಗಲೂ ನಡೆದುಬಂದಿದೆ ಎಂದು ವಾದಿಸಲಿದ್ದಾರೆಂದು ಗೊತ್ತಾದಾಗ ಸುಧಾಕರ ನನ್ನ ಮುಖ ನೋಡಿದ. ಅವಲಕ್ಕಿ ತಟ್ಟೆಯ ಮುಂದೆ ಅವರೇ ಹೇಳಿದ ಮಾತು. ಮಾಸ್ತರರು ಮಾತ್ರ ನಗಲಿಲ್ಲ.

ವಿಚಾರಣೆಯ ದಿನ ಅವರ ಕೋಟಿನಲ್ಲಿ ಪಿನ್ನಿನ ಜಾಗಕ್ಕೆ ಗುಂಡಿ ಬಂದಿತ್ತು. ಮಿಕ್ಕವು ಕಪ್ಪು, ಇದು ಕಂದು. ಇದು ನನಗೆ ನೆನಪಿದೆ, ಸುಧಾಕರನಿಗಿಲ್ಲ.

ಆ ಬೆಳಿಗ್ಗೆ ಕಾರಿಡಾರಿನಲ್ಲಿ ಹಡಗು ಕಂಪನಿಯ ವಕೀಲರು ಬಂದು ಮಾಸ್ತರರನ್ನು ಪಕ್ಕಕ್ಕೆ ಕರೆದರು. ಹಡಗು ಇನ್ನು ಕಾಯುವಂತಿರಲಿಲ್ಲ. ನೀವು ಅರ್ಜಿ ಹಿಂತೆಗೆದುಕೊಳ್ಳಿ, ನಾವು ಅವನನ್ನು ವಾಪಸು ಕೊಡಿ ಎನ್ನುವುದನ್ನು ಬಿಡುತ್ತೇವೆ, ಅವನ ಹಡಗು ಬುಕ್ಕನ್ನೂ ಓಡಿಹೋದವನೆಂದು ಷರಾ ಬರೆಯದೆ ಕೊಡುತ್ತೇವೆ ಎಂದರು. ಆ ಬುಕ್ಕಿಲ್ಲದೆ ಯಾವ ಹಡಗೂ ಅವನನ್ನು ಹತ್ತಿಸಿಕೊಳ್ಳುವುದಿಲ್ಲ. ಒಪ್ಪದಿದ್ದರೆ ವಾದ ನಡೆಯಲಿ. ಗೆದ್ದರೆ ಅವನು ಇಲ್ಲೇ ಉಳಿದಾನು, ಬುಕ್ಕಿನ ಮಾತು ಆಡಬೇಡಿ.

ಒಪ್ಪಿದರೆ ವಾಮನನಿಗೆ ಬಿಡುಗಡೆ ಮತ್ತು ಸಮುದ್ರ ಎರಡೂ ಸಿಗುತ್ತವೆ. ಒಪ್ಪಂದ ಮಾತ್ರ ಹಾಗೆಯೇ ಇರುತ್ತದೆ, ಮುಂದೆ ಓಡಿಬರುವ ಇನ್ನೊಬ್ಬ ವಾಮನನಿಗಾಗಿ. ಮಾಸ್ತರರ ಪ್ರಶ್ನೆಗೆ ಯಾರೂ ಉತ್ತರ ಕೊಡುವುದಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವರು ಒಳಗೆ ಹೋಗಿ ಅರ್ಜಿ ಹಿಂತೆಗೆದುಕೊಂಡರು. ಪ್ರಶ್ನೆ ಮಹತ್ವದ್ದು, ತಕ್ಕ ಪ್ರಕರಣ ಬಂದಾಗ ನೋಡೋಣ ಎಂದರಂತೆ ನ್ಯಾಯಾಧೀಶರು. ಮಾಸ್ತರರು ಬಗ್ಗಿ ವಂದಿಸಿ ಹೊರಬಂದರು. ಅವರು ಹೊರಬಂದದ್ದಂತೂ ನಾನು ಕಂಡದ್ದು. ಛತ್ರಿ ಒಳಗೇ ಉಳಿದಿತ್ತು. ತರಲೇ ಎಂದೆ. ಬೇಡ ಎಂದರು. ಮಳೆಯಿತ್ತು ಎಂದು ನನ್ನ ನೆನಪು ಹೇಳುತ್ತದೆ, ಬಿಸಿಲಿತ್ತು ಎಂದು ಸುಧಾಕರನ ನೆನಪು.

ಮುಂದಿನ ವರ್ಷವೂ ಮೊದಲ ದಿನ ಅದೇ ಪ್ರಶ್ನೆ ಕೇಳಿದರೆಂದು ಹೊಸ ಹುಡುಗರು ಹೇಳಿದರು. ಕೊನೆಯಲ್ಲಿ ಇದಿನ್ನೂ ತೀರ್ಮಾನವಾಗಿಲ್ಲ ಎಂದು ಸೇರಿಸುತ್ತಿದ್ದರಂತೆ. ನಾನು ಅಷ್ಟರಲ್ಲಿ ಕಾನೂನು ಬಿಟ್ಟು ಪತ್ರಿಕೆ ಸೇರಿದ್ದೆ. ಆದರೂ ಹೋಟೆಲಿಗೆ ಹೋಗುತ್ತಿದ್ದೆ. ಬೀಗರ ಮಾತನ್ನು ಅವರು ಮತ್ತೆ ಆಡಿದ್ದನ್ನು ನಾನು ಕೇಳಲಿಲ್ಲ. ನಾನೇ ಒಮ್ಮೆ ನೆನಪಿಸಿದಾಗ, ಹಳೇ ಮಾತು ಬಿಡು ಎಂದು ಬಿಲ್ಲು ಕೊಡಲು ಎದ್ದರು.

ತುರ್ತು ಪರಿಸ್ಥಿತಿ ಬಂತು. ಹಕ್ಕುಗಳ ಬಗ್ಗೆ ಕೋರ್ಟಿಗೆ ಹೋಗುವ ದಾರಿ ಮುಚ್ಚಿತು. ಪತ್ರಿಕೆಯಲ್ಲಿ ನಾವು ಏನು ಬರೆಯಬಾರದೆಂದು ಕಲಿಯುತ್ತಿದ್ದೆವು. ಒಂದು ಸಂಜೆ ಪರೇಲ್ ಸ್ಟೇಷನ್ನಿನ ಮೆಟ್ಟಿಲಲ್ಲಿ ಅವರು ಸಿಕ್ಕರು. ಕೋಟಿಗೆ ಮತ್ತೆ ಪಿನ್ನು ಬಂದಿತ್ತು. ಪ್ರಶ್ನೆ ಈಗಲೂ ಕೇಳುತ್ತೀರಾ ಎಂದೆ.

“ಕೇಳತೇನಿ. ಆದರ ಪರದೇಶದವರ ಜೋಡಿ ಒಪ್ಪಂದ ಮಾಡಿಕೊಂಡು ಕಳಕೋಬೇಕಾಗಿತ್ತೇನು, ತಮ್ಮಾ? ಮನ್ಯಾಗ ಕೂತೇ ಕಳಕೊಂಡ್ವಲ್ಲ.”

ಹೇಳಿ ಜನರ ನಡುವೆ ಇಳಿದುಹೋದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಕಷ್ಟವಾಯಿತು. ಲಾಂಡ್ರಿಯವನ ಮೇಲೆ ಇದ್ದಷ್ಟು ಸಿಟ್ಟೂ ಇರಲಿಲ್ಲ.

ಅವರು ಹೋದ ಮೇಲೆ ಮಾಟುಂಗಾದ ಒಂದು ಹಾಲಿನಲ್ಲಿ ಸಂತಾಪ ಸಭೆ ನಡೆಯಿತು. ವೇದಿಕೆಯ ಮೇಲಿನವರು ಅವರನ್ನು ಸಂವಿಧಾನದ ಕಾವಲುಗಾರ ಎಂದರು, ಧೀಮಂತ ಎಂದರು. ಅವರ ಹೆಂಡತಿ ಮುಂದಿನ ಸಾಲಿನಲ್ಲಿ ಕೈ ಕಟ್ಟಿ ಕೂತಿದ್ದರು. ನೀವು ಎರಡು ಮಾತಾಡುತ್ತೀರಾ ಎಂದು ಆಕೆಯನ್ನು ಯಾರೂ ಕೇಳಲಿಲ್ಲ.

ನಾನೂ ಸುಧಾಕರನೂ ಹೊರಗೆ ನಿಂತೆವು. ಅವನು ಈಗ ತಕ್ಕಮಟ್ಟಿಗೆ ನಡೆಯುತ್ತಿರುವ ವಕೀಲ. ನಾನು ಮೆಟ್ಟಿಲ ಚಿತ್ರದ ಮಾತು ತೆಗೆದೆ. ಮಾಸ್ತರರು ವಾಮನನನ್ನು ಕೇಳಿಯೇ ಒಪ್ಪಿಕೊಂಡರು ಎಂದೆ. ಅವನು ತಲೆಯಾಡಿಸಿದ.

“ಎಂತ ಕೇಳೋದು ಮಾರಾಯ. ನಾನಿದ್ದೆ ಅಲ್ಲಿ, ನೀನಿರ್ಲಿಲ್ಲ. ಆ ಕಂಪನಿ ವಕೀಲರ ಹತ್ರ ಮಾತಾಡಿದ್ರು, ನನ್ನನ್ನು ಲೈಬ್ರರಿಗೆ ಪುಸ್ತಕ ತರ್ಲಿಕ್ಕೆ ಕಳಿಸಿದ್ರು, ನಾನು ತರೋದ್ರೊಳಗೆ ಮುಗಿದಿತ್ತು. ಇಬ್ಬರು ದೊಡ್ಡವರು ಮಾತಾಡಿ ಮುಗಿಸಿದ್ದು. ಅದಕ್ಕೇ ಅಲ್ವಾ ಆಮೇಲೆ ಬೀಗರ ಮಾತು ಆಡೋದು ಬಿಟ್ಟದ್ದು?”

ಅವನ ತರ್ಕ ಸರಿಯಾಗಿತ್ತು. ನನ್ನ ಕಡೆ ಇದ್ದದ್ದು ಎಲ್ಲಿಂದಲೋ ನೋಡಿದ ಒಂದು ಚಿತ್ರ. ಅವರು ಕೇಳಿರದಿದ್ದರೆ ವಾಮನನಿಗೇನೂ ನಷ್ಟವಿರಲಿಲ್ಲ ಎಂಬುದೂ ಹೊಳೆಯಿತು. ಅವನಿಗೆ ಬೇಕಾದದ್ದೇ ಸಿಕ್ಕಿತ್ತು. ಬಹುತೇಕ ಹುಡುಗಿಯರ ಸಂಸಾರವೂ ಹೀಗೇ ಸಾಗಿದೆ. ಆದರೆ ಮಾಸ್ತರರು ತಾವೇ ಬೀಗರಾಗಿದ್ದರೆ, ಆ ಹೋಟೆಲಿನ ಬೆಳಗುಗಳಲ್ಲಿ ನಾನು ನಂಬಿದ್ದ ಒಂದೇ ಒಂದು ವಿಷಯವೂ ಹೋಯಿತು. ನಂಬುವುದು ನನಗೆ ಸುಲಭವಲ್ಲ. ಹಾಗಾಗಿ ಬಿಡುವುದೂ ಸುಲಭವಾಗಲಿಲ್ಲ.

ಪರೇಲಿನ ಆ ರೂಮು ಇನ್ನೂ ಇದೆ. ಆಳುಗಳು ಬದಲಾಗಿದ್ದಾರೆ. ವಾಮನ ಸಮುದ್ರ ಬಿಟ್ಟು ಭಾಂಡುಪಿನ ಒಂದು ಕಾರ್ಖಾನೆಯ ಕ್ಯಾಂಟೀನು ನೋಡಿಕೊಳ್ಳುತ್ತಿದ್ದಾನೆಂದು ಅಲ್ಲಿ ತಿಳಿಯಿತು. ಒಂದು ಭಾನುವಾರ ಲೋಕಲ್ ಹಿಡಿದು ಹೋದೆ. ಕ್ಯಾಂಟೀನು ಮುಚ್ಚಿತ್ತು, ಅವನು ಹಿತ್ತಿಲಲ್ಲಿ ದೊಡ್ಡ ಪಾತ್ರೆಗಳನ್ನು ಬಿಸಿಲಿಗೆ ಬೋರಲು ಹಾಕುತ್ತಿದ್ದ. ಕೂದಲು ನರೆತಿತ್ತು. ಮಾಸ್ತರರು ಹೋದ ಸುದ್ದಿ ಅವನಿಗೆ ಗೊತ್ತಿರಲಿಲ್ಲ. ಕೇಳಿ, ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟು ಕೂತ. ಆಮೇಲೆ ನಾನು ಕೇಳಬೇಕಾದ್ದನ್ನು ಕೇಳಿದೆ: ಆ ದಿನ ಮೆಟ್ಟಿಲ ಮೇಲೆ ಕೂತು ಮಾಸ್ತರರು ನಿಮ್ಮನ್ನೇನಾದರೂ ಕೇಳಿದರೇ?

“ಮೆಟ್ಟಿಲಲ್ಲಿ ಅಲ್ಲ. ನೀರಿನ ನಳ್ಳಿ ಉಂಟಲ್ಲ, ಅದರ ಹತ್ರ. ಹವಾಲ್ದಾರ ಇದ್ದ. ಕೇಳಿದ್ರು. ಮೊದಲು ಕನ್ನಡದಲ್ಲಿ ಕೇಳಿದ್ರು. ಅವರ ಕನ್ನಡ ನಂಗೆ ಅರ್ಧ ತಿಳೀತಿತ್ತು, ಅರ್ಧ ಇಲ್ಲ. ನೀವು ಹೇಳಿದ ಹಾಗೆ ಸರ್ ಅಂದೆ. ಅವರಿಗೆ ಸಿಟ್ಟು ಬಂತು. ನಾ ಹೇಳಿದಂಗ ಅಲ್ಲ, ನೀ ಹೇಳು ಅಂದ್ರು. ನಾನು ಪುನಃ ಅದೇ ಹೇಳಿದೆ. ಎದ್ದು ಹೋದ್ರು.”

“ಅಷ್ಟೇನಾ?”

“ಅಲ್ಲ. ತಿರುಗಿ ಬಂದ್ರು. ಬಂದು ತುಳುವಿನಲ್ಲಿ ಕೇಳಿದ್ರು. ಈರೆಗ್ ದಾದ ಬೋಡು? ನಿಮಗೆ ಏನು ಬೇಕು ಅಂತ. ಶಾಲೆ ಮಕ್ಕಳು ಪದ್ಯ ಒಪ್ಪಿಸಿದ ಹಾಗೆ. ನಂಗೆ ನಗು ಬಂತು. ನಕ್ಕ ಮೇಲೆ ಹೇಳ್ಲಿಕ್ಕೆ ಧೈರ್ಯ ಬಂತು ನೋಡಿ. ಬುಕ್ಕು ಬೇಕು, ಬೇರೆ ಹಡಗು ಬೇಕು, ಕೋರ್ಟು ಬೇಡ ಅಂದೆ. ನಾನು ಹೇಳಿದ್ದು ಅವರಿಗೆ ತಿಳೀಲಿಲ್ಲ, ಮತ್ತೆ ಕನ್ನಡದಲ್ಲಿ ಹೇಳಿದೆ. ಅವರು ನನ್ನ ಮುಖವನ್ನೇ ನೋಡ್ತಿದ್ರು. ಬೇರೆ ಎಂತಾದ್ರೂ ಹೇಳ್ತೇನಾ ಅಂತ ಕಾಯ್ತಿದ್ರು. ನಂಗೆ ಅದು ಗೊತ್ತಾಯ್ತು. ಹೇಳ್ಲಿಲ್ಲ ನಾನು.”

“ಆಮೇಲೆ?”

“ಆಯ್ತು ಅಂದ್ರು. ಚಾ ಕುಡದೀಯೇನು ಅಂತ ಕೇಳಿದ್ರು. ಒಳಗೆ ಹೋದ್ರು.”

ವಾಪಸು ಬರುವಾಗ ಲೋಕಲಿನ ಕಿಟಕಿಯ ಬಳಿ ಕೂತು ಇದನ್ನೂ ಅನುಮಾನಿಸಿದೆ. ಕೃತಜ್ಞತೆಯೂ ನೆನಪನ್ನು ತಿದ್ದುತ್ತದೆ. ತೀರಿಕೊಂಡವರ ಸುದ್ದಿ ಕೇಳಿದ ಗಳಿಗೆಯಲ್ಲಿ ಯಾರೂ ಅವರ ಬಗ್ಗೆ ಸಣ್ಣದನ್ನು ನೆನೆಯುವುದಿಲ್ಲ. ಮೆಟ್ಟಿಲಂತೂ ಸುಳ್ಳಾಯಿತು, ನಳ್ಳಿ ಮಾತ್ರ ಏಕೆ ನಿಜವಾಗಬೇಕು?

ಮರುದಿನ ಕೋರ್ಟಿನ ಕ್ಯಾಂಟೀನಿನಲ್ಲಿ ಸುಧಾಕರನನ್ನು ಹಿಡಿದೆ. ಭಾಂಡುಪಿಗೆ ಹೋದದ್ದನ್ನು ಹೇಳಲಿಲ್ಲ. ಆ ಬೆಳಿಗ್ಗೆ ಲೈಬ್ರರಿಗೆ ಕಳಿಸುವ ಮುಂಚೆ ಮಾಸ್ತರರು ನಿನ್ನ ಹತ್ತಿರ ಬೇರೇನಾದರೂ ಮಾತಾಡಿದ್ದರೇ ಎಂದಷ್ಟೇ ಕೇಳಿದೆ. ಇಲ್ಲವಲ್ಲ ಎಂದ. ಚಹಾ ಕಲಕುತ್ತ ಕೂತ. ಆಮೇಲೆ ಚಮಚ ನಿಂತಿತು.

“ಒಂದು ತಮಾಷೆ ಮಾಡಿದ್ರು ಮಾರಾಯ. ಅಷ್ಟು ಗಡಿಬಿಡಿಯಲ್ಲಿ ನನ್ನನ್ನು ಹಿಡ್ಕೊಂಡು, ನಿನಗೇನು ಬೇಕು ಅನ್ನೋದಕ್ಕೆ ತುಳುವಿನಲ್ಲಿ ಏನಂತಾರ ಅಂತ ಕೇಳಿದ್ರು. ನಿಕ್ಕ್ ದಾದ ಬೋಡು ಅಂತ ಹೇಳಿಕೊಟ್ಟೆ. ಹಂಗ ಬ್ಯಾಡ, ಮರ್ಯಾದೀಲೆ ಕೇಳೂದು ಹೆಂಗ ಅದನ್ನ ಹೇಳು ಅಂದ್ರು. ಹೇಳಿಕೊಟ್ಟೆ. ಈರೆಗ್, ಈರೆಗ್ ಅಂತ ಗೋಡೆ ಕಡೆ ಮುಖ ಮಾಡಿ ಬಾಯಿಪಾಠ ಮಾಡ್ತಿದ್ರು. ತಲೆ ಕೆಟ್ಟಿದೆ ಅಂದ್ಕೊಂಡು ನಾನು ಲೈಬ್ರರಿಗೆ ಹೋದೆ. ಯಾಕೆ, ಅದೀಗ ಎಂತಕ್ಕೆ ನಿಂಗೆ?”